ತಂಡದ ಧೈರ್ಯ ಮತ್ತು ಹತ್ತಿರದ ಮುಂದಾಳು

ಮುಂದಿರುವ ಕೆಲಸ ತಮ್ಮಿಂದ ಆಗುತ್ತದೆ, ಆಗದಿದ್ದರೆ ಬಾಯಿಬಿಟ್ಟು ಹೇಳಬಹುದು, ಹೇಳಿದರೆ ಯಾರಾದರೂ ನೆರವಿಗೆ ಬರುತ್ತಾರೆ: ಈ ಮೂರು ನಂಬಿಕೆಗಳು ಒಟ್ಟಿಗೆ ಇರುವ ತಂಡವನ್ನು ಆತ್ಮವಿಶ್ವಾಸವುಳ್ಳ ತಂಡ ಎನ್ನಬಹುದು. ಮೊದಲನೆಯದು ಕೈ ಪಳಗಿದಂತೆ ಬರುತ್ತದೆ. ಉಳಿದ ಎರಡನ್ನು ಕೆಲಸಗಾರ ತಾನಾಗಿ ಗಳಿಸಿಕೊಳ್ಳಲಾರ. ತಂಡದ ಪಕ್ಕದಲ್ಲೇ ನಿಲ್ಲುವ ಒಬ್ಬ ವ್ಯಕ್ತಿಯ ನಡವಳಿಕೆಯಿಂದ ಅವು ದಿನದಿನದ ಅನುಭವವಾಗಿ ಕೂಡಿಬರಬೇಕು. ಕಾರ್ಖಾನೆಯಲ್ಲಿ ಆ ವ್ಯಕ್ತಿ ಸೂಪರ್‌ವೈಸರ್, ಆಸ್ಪತ್ರೆಯ ವಾರ್ಡಿನಲ್ಲಿ ಹಿರಿಯ ನರ್ಸ್, ಬ್ಯಾಂಕಿನ ಶಾಖೆಯಲ್ಲಿ ಮ್ಯಾನೇಜರ್, ಸಾಫ್ಟ್‌ವೇರ್ ಕಚೇರಿಯಲ್ಲಿ ಟೀಮ್ ಲೀಡ್. ಸಂಸ್ಥೆಯ ಅಧ್ಯಕ್ಷರ ಹೆಸರು ಗೊತ್ತಿಲ್ಲದೆಯೂ ಕೆಲಸಗಾರನ ದಿನ ಸಾಗೀತು. ಸೂಪರ್‌ವೈಸರ್ ಬೆಳಿಗ್ಗೆ ಯಾವ ಮುಖ ಹೊತ್ತು ಬಂದಿದ್ದಾನೆ ಎಂಬುದು ಗೊತ್ತಿಲ್ಲದೆ ಸಾಗದು. ನಾಯಕರನ್ನು ಬೆಳೆಸುವ ಮಾತು ಬಂದಾಗ ಸಂಸ್ಥೆಗಳು ಸಾಮಾನ್ಯವಾಗಿ ಮೇಲಿನ ಮಹಡಿಯ ಅಧಿಕಾರಿಗಳತ್ತ ನೋಡುತ್ತವೆ. ತಂಡದ ಧೈರ್ಯದ ದೃಷ್ಟಿಯಿಂದ ಮೊದಲು ಗಮನ ಕೊಡಬೇಕಾದದ್ದು ಈ ಅತಿ ಹತ್ತಿರದ ಮೆಟ್ಟಿಲಿಗೆ.

ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಮನಶ್ಶಾಸ್ತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಉತ್ತರ ಆಲ್ಬರ್ಟ್ ಬಂಡೂರ ಅವರದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಈ ವಿದ್ವಾಂಸರು 1977ರ ಪ್ರಬಂಧವೊಂದರಲ್ಲಿ ಅದರ ನಾಲ್ಕು ಮೂಲಗಳನ್ನು ಗುರುತಿಸಿದರು. ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಣ್ಣಾರೆ ಕಂಡದ್ದು, ನಂಬಿಕೆಯಿರುವವರ ಪ್ರೋತ್ಸಾಹದ ಮಾತು, ಆ ಹೊತ್ತಿನ ದೇಹ ಮನಸ್ಸುಗಳ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಬಲವಾದದ್ದು. ಬರಿಯ ಮಾತಿನ ಪ್ರೋತ್ಸಾಹ ಬೇಗ ಆರಿಹೋಗುತ್ತದೆ. ಗುಂಪಿಗೂ ಇಂಥದೇ ಒಂದು ಸಾಮೂಹಿಕ ನಂಬಿಕೆ ಇರುತ್ತದೆ ಎಂದು ಬಂಡೂರ ಮುಂದೆ ವಿವರಿಸಿದರು. ಬಹುತೇಕ ಕಚೇರಿಗಳು ಹಣ ಸುರಿಯುವುದು ಮಾತ್ರ ಈ ಪಟ್ಟಿಯ ಮೂರನೆಯ ಮೂಲದ ಮೇಲೆ. ವರ್ಷಕ್ಕೊಮ್ಮೆ ಹೋಟೆಲಿನ ಸಭಾಂಗಣ, ಹೊರಗಿನಿಂದ ಬಂದ ಭಾಷಣಕಾರ, ಚಪ್ಪಾಳೆ. ಸೋಮವಾರ ಬೆಳಿಗ್ಗೆ ಹಳೆಯ ಸೂಪರ್‌ವೈಸರ್ ಹಳೆಯ ದನಿಯಲ್ಲೇ ಕೂಗಿದಾಗ ಆ ಭಾಷಣದ ಯಾವ ಭಾಗವೂ ಉಳಿದಿರುವುದಿಲ್ಲ. ಗೆಲುವಿನ ಅನುಭವವನ್ನು ಕೆಲಸದ ನಡುವೆಯೇ ಸಣ್ಣ ಸಣ್ಣ ಪ್ರಮಾಣದಲ್ಲಿ ಒದಗಿಸಬಲ್ಲವನು ಆ ಸೂಪರ್‌ವೈಸರ್ ಒಬ್ಬನೇ. ಅದನ್ನು ಹೇಗೆ ಒದಗಿಸಬೇಕೆಂದು ಅವನಿಗೆ ಕಲಿಸಿದವರು ಯಾರು ಎಂಬುದು ಈ ಉಪನ್ಯಾಸದ ವಿಷಯ.

ಹೆಚ್ಚಿನ ಕಡೆ ಯಾರೂ ಕಲಿಸಿರುವುದಿಲ್ಲ. ಚೆನ್ನಾಗಿ ಹೊಲಿಯುವವಳನ್ನು ಲೈನಿನ ಮೇಲ್ವಿಚಾರಕಿಯಾಗಿ, ಚೆನ್ನಾಗಿ ಕೋಡ್ ಬರೆಯುವವನನ್ನು ಟೀಮ್ ಲೀಡ್ ಆಗಿ, ಹೆಚ್ಚು ಮಾರಾಟ ಮಾಡಿದವನನ್ನು ಶಾಖೆಯ ಮುಖ್ಯಸ್ಥನಾಗಿ ಮಾಡುವುದು ಎಲ್ಲ ಕಡೆಯ ರೂಢಿ. ಬಡ್ತಿ ಹಿಂದಿನ ಕೆಲಸಕ್ಕೆ ಬಹುಮಾನ, ಮುಂದಿನ ಕೆಲಸ ಬೇರೆಯದೇ. ಅಮೆರಿಕದ ಮಾರಾಟ ಸಿಬ್ಬಂದಿಯ ದಾಖಲೆಗಳನ್ನು ಆಧರಿಸಿ ಅಲನ್ ಬೆನ್ಸನ್, ಡೇನಿಯೆಲ್ ಲಿ ಮತ್ತು ಕೆಲ್ಲಿ ಶೂ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಗಳಲ್ಲಿ ತೋರಿಸಿತು. ಮಾರಾಟದಲ್ಲಿ ಮುಂದಿದ್ದವರಿಗೆ ಬಡ್ತಿ ಸಿಗುವ ಸಾಧ್ಯತೆ ಹೆಚ್ಚು. ಆದರೆ ಬಡ್ತಿ ಪಡೆದ ಮೇಲೆ ಅವರ ಕೈಕೆಳಗಿನವರ ಸಾಧನೆ ಸರಾಸರಿಯಾಗಿ ಇಳಿಯಿತು. ಕಾರಣ ಊಹಿಸುವುದು ಕಷ್ಟವಲ್ಲ. ತಾನು ಮಾಡಿದರೆ ಹತ್ತು ನಿಮಿಷದಲ್ಲಿ ಮುಗಿಯುವುದನ್ನು ಇನ್ನೊಬ್ಬರು ಒಂದು ಗಂಟೆ ಮಾಡುವಾಗ ನೋಡುತ್ತ ನಿಲ್ಲುವುದು ನುರಿತವನಿಗೆ ಸಂಕಟ. ಅವನು ಕೈಯಿಂದ ಕೆಲಸ ಕಿತ್ತುಕೊಳ್ಳುತ್ತಾನೆ. ಕೆಲಸ ಮುಗಿಯುತ್ತದೆ, ಕಲಿಯುತ್ತಿದ್ದವನ ಧೈರ್ಯ ಅಲ್ಲಿಗೇ ನಿಲ್ಲುತ್ತದೆ. ಕಿತ್ತುಕೊಂಡವನಲ್ಲಿ ಇರುವುದು ಕೆಟ್ಟತನವಲ್ಲ, ತರಬೇತಿಯ ಕೊರತೆ.

ಈ ತರಬೇತಿಯನ್ನು ದೊಡ್ಡ ಪ್ರಮಾಣದಲ್ಲಿ, ಒಂದು ಪದ್ಧತಿಯಾಗಿ ಕಟ್ಟಿದ್ದು ಎರಡನೆಯ ಮಹಾಯುದ್ಧದ ಒತ್ತಡ. 1940ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಯೋಜನೆಯನ್ನು ಆರಂಭಿಸಿತು. ಅನುಭವಿ ಕೆಲಸಗಾರರು ಸೈನ್ಯಕ್ಕೆ ಹೊರಡಲಿದ್ದರು. ಯಂತ್ರವನ್ನೇ ಮುಟ್ಟಿರದ ಹೆಂಗಸರು, ಹಳ್ಳಿಗಳಿಂದ ಬಂದ ಯುವಕರು ವಿಮಾನ, ಹಡಗು, ಮದ್ದುಗುಂಡುಗಳ ಕಾರ್ಖಾನೆಗಳನ್ನು ತುಂಬಬೇಕಿತ್ತು. ಚ್ಯಾನಿಂಗ್ ಡೂಲಿ ಮತ್ತು ವಾಲ್ಟರ್ ಡೀಟ್ಜ್ ಮುಂತಾದ ಯೋಜನೆಯ ಮುಖ್ಯಸ್ಥರು ಲಕ್ಷಾಂತರ ಹೊಸಬರಿಗೆ ನೇರವಾಗಿ ಕಲಿಸುವ ಯತ್ನಕ್ಕೆ ಹೋಗಲಿಲ್ಲ. ಅವರಿಗೆ ಕಲಿಸಬೇಕಾದ ಫೋರ್‌ಮನ್‌ಗಳಿಗೆ ಕಲಿಸಲು ಹೊರಟರು. ಎರಡೆರಡು ಗಂಟೆಯ ಐದು ಬೈಠಕ್‌ಗಳು, ಒಟ್ಟು ಹತ್ತು ಗಂಟೆ, ಒಂದು ಗುಂಪಿನಲ್ಲಿ ಹತ್ತರಷ್ಟು ಮಂದಿ. 1945ರಲ್ಲಿ ಯೋಜನೆ ಮುಗಿಯುವಷ್ಟರಲ್ಲಿ ಸುಮಾರು 16,500 ಕಾರ್ಖಾನೆಗಳ 17 ಲಕ್ಷಕ್ಕೂ ಹೆಚ್ಚು ಮೇಲ್ವಿಚಾರಕರು ಪ್ರಮಾಣಪತ್ರ ಪಡೆದಿದ್ದರು.

ಮೊದಲ ಪಾಠ ಆರಂಭವಾಗುತ್ತಿದ್ದುದು ಒಂದು ಗಂಟಿನಿಂದ. ಮೇಲಿಂದ ತೂಗುಬಿಟ್ಟ ವಿದ್ಯುತ್ ದೀಪದ ಭಾರ ಹೋಲ್ಡರಿನೊಳಗಿನ ಸ್ಕ್ರೂಗಳ ಮೇಲೆ ಬೀಳದಂತೆ ವೈರಿನ ಎರಡು ಎಳೆಗಳನ್ನು ಸುತ್ತಿ ಹಾಕುವ ಸಣ್ಣ ಗಂಟು ಅದು. ತರಬೇತುದಾರ ಗುಂಪಿನ ಒಬ್ಬನನ್ನು ಮುಂದೆ ಕರೆದು, ಗಂಟು ಹಾಕುವ ಬಗೆಯನ್ನು ಬರಿಯ ಮಾತಿನಲ್ಲಿ ವಿವರಿಸುತ್ತಿದ್ದ. ಎಡದ ಎಳೆಯನ್ನು ಹೀಗೆ ತಿರುಗಿಸು, ಬಲದ್ದನ್ನು ಹಿಂದಿನಿಂದ ತಾ. ಯಾರಿಗೂ ಬರುತ್ತಿರಲಿಲ್ಲ. ಆಮೇಲೆ ಇನ್ನೊಬ್ಬನನ್ನು ಕರೆದು, ಮಾತಿಲ್ಲದೆ ಕೈಯಲ್ಲಿ ಮಾತ್ರ ತೋರಿಸುತ್ತಿದ್ದ. ಆಗಲೂ ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ಫೋರ್‌ಮನ್ ಆಗಿದ್ದವರು ತಮ್ಮ ಕಾರ್ಖಾನೆಯಲ್ಲಿ ಪ್ರತಿದಿನ ನಡೆಯುವುದನ್ನೇ ಅಲ್ಲಿ ಕಾಣುತ್ತಿದ್ದರು. ಒಬ್ಬ ಹೇಳಿ ಹೋಗುತ್ತಾನೆ, ಇನ್ನೊಬ್ಬ ತೋರಿಸಿ ಹೋಗುತ್ತಾನೆ, ಕಲಿಯದ ಹುಡುಗ ದಡ್ಡನೆನಿಸಿಕೊಳ್ಳುತ್ತಾನೆ. ಮೂರನೆಯ ಬಾರಿ ತರಬೇತುದಾರ ಪದ್ಧತಿಯನ್ನು ಅನುಸರಿಸುತ್ತಿದ್ದ, ಮತ್ತು ಅದೇ ಗಂಟನ್ನು ಮೂರನೆಯವನು ಕೆಲವೇ ನಿಮಿಷಗಳಲ್ಲಿ ಹಾಕುತ್ತಿದ್ದ.

ಪದ್ಧತಿಗೆ ನಾಲ್ಕು ಹಂತ. ಕಲಿಯುವವನ ಅಳುಕು ತಗ್ಗಿಸಿ, ಅವನಿಗೆ ಈಗಾಗಲೇ ಏನು ಗೊತ್ತಿದೆ ಎಂದು ವಿಚಾರಿಸುವುದು ಮೊದಲನೆಯದು. ಕೆಲಸವನ್ನು ಒಂದೊಂದೇ ಮುಖ್ಯ ಹಂತವಾಗಿ ಹೇಳುತ್ತ, ತೋರಿಸುತ್ತ, ಎಲ್ಲಿ ತಪ್ಪಿದರೆ ಕೆಲಸ ಕೆಡುತ್ತದೆ ಅಥವಾ ಕೈಗೆ ಪೆಟ್ಟಾಗುತ್ತದೆ ಎಂಬ ಸೂಕ್ಷ್ಮಗಳನ್ನು ಒತ್ತಿ ಹೇಳುವುದು ಎರಡನೆಯದು. ಮೂರನೆಯದರಲ್ಲಿ ಕಲಿಯುವವನೇ ಮಾಡಿ ತೋರಿಸಬೇಕು. ಮೊದಲು ಸುಮ್ಮನೆ, ಆಮೇಲೆ ವಿವರಿಸುತ್ತ. ನಾಲ್ಕನೆಯ ಹಂತದ ಮೇಲೆ ಹೆಚ್ಚು ಗಮನ ಬೇಕು. ಅವನನ್ನು ಸ್ವತಂತ್ರವಾಗಿ ಕೆಲಸಕ್ಕೆ ಬಿಡುವಾಗ, ತೊಡಕಾದರೆ ಯಾರ ಬಳಿ ಹೋಗಬೇಕೆಂದು ಒಬ್ಬರ ಹೆಸರು ಹೇಳಿ ತಿಳಿಸಬೇಕು. ಆರಂಭದಲ್ಲಿ ಆಗಾಗ ಬಂದು ನೋಡಬೇಕು, ಬರಬರುತ್ತ ಕಡಿಮೆ ಮಾಡಬೇಕು. ಆತ್ಮವಿಶ್ವಾಸ ಎಂಬ ಶಬ್ದವನ್ನೇ ಎತ್ತದ ಈ ಪಾಠದಲ್ಲಿ ಆತ್ಮವಿಶ್ವಾಸಕ್ಕೆ ಬೇಕಾದದ್ದೆಲ್ಲ ಇದೆ. ಕೆಲಸಗಾರ ಕಲಿಯದಿದ್ದರೆ ಅದು ಕಲಿಸಿದವನ ಕೊರತೆಯೆಂದು ಯೋಜನೆ ಖಂಡಿತವಾಗಿ ಹೇಳಿತು. ಹೊಸಬನ ಹೆಗಲ ಮೇಲಿನ ಅವಮಾನವನ್ನು ಇಳಿಸಿ ಮೇಲ್ವಿಚಾರಕನ ಹೆಗಲಿಗೆ ಹೊಣೆಯಾಗಿ ಏರಿಸಿದ ಈ ನಿಲುವು ಆ ಕಾಲದ ಕಾರ್ಖಾನೆಗಳಿಗೆ ಹೊಸದು. ಇಂದಿನ ಹಲವು ಕಚೇರಿಗಳಿಗೂ ಹೊಸದೇ.

ಇನ್ನೊಂದು ಪಾಠ ಜನರೊಡನೆ ವ್ಯವಹರಿಸುವುದರ ಕುರಿತು. ಪ್ರತಿಯೊಬ್ಬನಿಗೂ ತಾನು ಹೇಗೆ ಕೆಲಸ ಮಾಡುತ್ತಿದ್ದೇನೆಂದು ತಿಳಿಯಬೇಕು, ಒಳ್ಳೆಯದು ಮಾಡಿದಾಗ ಆಗಲೇ ಹೇಳಬೇಕು, ಅವನನ್ನು ತಟ್ಟುವ ಬದಲಾವಣೆಯನ್ನು ಮುಂಚೆಯೇ ತಿಳಿಸಬೇಕು, ಇರುವ ಸಾಮರ್ಥ್ಯವನ್ನು ಪೂರ್ತಿ ಬಳಸಿಕೊಳ್ಳಬೇಕು. ಜಗಳ ಬಂದಾಗ ಮೊದಲು ಸಂಗತಿಗಳನ್ನು ಕೂಡಿಸಿ, ತೂಗಿ, ಆಮೇಲೆ ಕ್ರಮ ಕೈಗೊಂಡು, ಅದರ ಫಲವನ್ನು ಹೋಗಿ ನೋಡಬೇಕು. ಕೇಳಲು ಇವೆಲ್ಲ ಸರಳ. ಅದಕ್ಕೇ ಯೋಜನೆಯವರು ಇವನ್ನು ಉಪದೇಶವಾಗಿ ಬಿಡಲಿಲ್ಲ. ಪ್ರತಿ ಫೋರ್‌ಮನ್ ತನ್ನ ವಿಭಾಗದ ನಿಜವಾದ ತಕರಾರೊಂದನ್ನು ತಂದು, ಗುಂಪಿನ ಮುಂದೆ ಹಂತಹಂತವಾಗಿ ಬಿಡಿಸಬೇಕಿತ್ತು.

ಯುದ್ಧ ಮುಗಿದದ್ದೇ ತಡ ಅಮೆರಿಕದಲ್ಲಿ ಈ ಯೋಜನೆ ಮರೆಯಾಯಿತು. ಅದು ಉಳಿದುಕೊಂಡದ್ದು ಜಪಾನಿನಲ್ಲಿ. ಅಮೆರಿಕದ ಆಡಳಿತದ ಕಾಲದಲ್ಲಿ ಅಲ್ಲಿಗೆ ಬಂದ ಪಾಠಗಳನ್ನು ಟೊಯೊಟಾ 1950ರ ದಶಕದ ಆರಂಭದಲ್ಲಿ ಕೈಗೆತ್ತಿಕೊಂಡು ತನ್ನ ಪದ್ಧತಿಯೊಳಗೆ ಬೆಸೆದುಕೊಂಡಿತು. ಆ ಕಂಪನಿಯ ಬಳಿ ಇನ್ನೊಂದು ಹಳೆಯ ವಿಚಾರವೂ ಇತ್ತು. ಸಂಸ್ಥಾಪಕರ ತಂದೆ ಸಾಕಿಚಿ ಟೊಯೊಡಾ ರೂಪಿಸಿದ 1924ರ ಮಗ್ಗ, ನೂಲು ಹರಿದೊಡನೆ ತಾನಾಗಿ ನಿಲ್ಲುತ್ತಿತ್ತು. ದೋಷ ಮುಂದೆ ಸಾಗದಂತೆ ಅಲ್ಲೇ ನಿಲ್ಲಿಸುವ ಈ ಗುಣವನ್ನು ಮನುಷ್ಯರು ದುಡಿಯುವ ಲೈನಿಗೂ ತಂದಾಗ ಹುಟ್ಟಿದ್ದು ಆಂಡಾನ್ ಹಗ್ಗ. ಕಾರಿನ ಜೋಡಣೆಯಲ್ಲಿ ತೊಡಕು ಕಂಡ ಕೆಲಸಗಾರ ತಲೆಯ ಮೇಲಿನ ಹಗ್ಗ ಎಳೆಯುತ್ತಾನೆ. ದೀಪ ಹತ್ತುತ್ತದೆ, ಸಂಗೀತದ ಸದ್ದಾಗುತ್ತದೆ, ಟೀಮ್ ಲೀಡರ್ ಬರುತ್ತಾನೆ. ಕಾರು ಆ ಕೆಲಸಗಾರನ ಜಾಗವನ್ನು ದಾಟುವಷ್ಟರಲ್ಲಿ ಸಮಸ್ಯೆ ಬಗೆಹರಿದರೆ ಲೈನ್ ನಿಲ್ಲದೆ ಸಾಗುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಹಗ್ಗವನ್ನು ಯಾವ ಕಾರ್ಖಾನೆಯಲ್ಲಾದರೂ ಒಂದು ವಾರದಲ್ಲಿ ಕಟ್ಟಬಹುದು. ಎಳೆದಾಗ ಬರುವ ಮನುಷ್ಯ, ಬಂದಾಗ ಅವನ ಬಾಯಿಂದ ಹೊರಡುವ ಮೊದಲ ಮಾತು, ಇವೆರಡು ಸಿದ್ಧವಾಗಲು ವರ್ಷಗಳು ಬೇಕು.

ಇದರ ಅತಿ ಸ್ಪಷ್ಟ ಪರೀಕ್ಷೆ ನಡೆದದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಗೈರುಹಾಜರಿ, ದಿಢೀರ್ ಮುಷ್ಕರ, ಕಳಪೆ ಕಾರುಗಳಿಗೆ ಹೆಸರಾಗಿತ್ತು. ಐವರಲ್ಲಿ ಒಬ್ಬರು ಕೆಲಸಕ್ಕೆ ಬಾರದ ದಿನಗಳು ಮಾಮೂಲಾಗಿದ್ದವು. 1982ರಲ್ಲಿ ಅದನ್ನು ಮುಚ್ಚಲಾಯಿತು. ಮರುವರ್ಷ ಜನರಲ್ ಮೋಟರ್ಸ್ ಮತ್ತು ಟೊಯೊಟಾ ಒಪ್ಪಂದ ಮಾಡಿಕೊಂಡು ಅದೇ ಕಟ್ಟಡದಲ್ಲಿ ‘ನಮ್ಮಿ’ ಎಂಬ ಜಂಟಿ ಸಂಸ್ಥೆ ತೆರೆದವು. ಅದೇ ಕಾರ್ಮಿಕ ಸಂಘಕ್ಕೆ ಮಾನ್ಯತೆ ಕೊಟ್ಟು, ಹಳೆಯ ಕಾರ್ಮಿಕರನ್ನೇ ದೊಡ್ಡ ಸಂಖ್ಯೆಯಲ್ಲಿ ಮರಳಿ ತೆಗೆದುಕೊಂಡವು. ಆರಂಭದ ಸುಮಾರು 2,200 ಕಾರ್ಮಿಕರಲ್ಲಿ ಶೇ 85ರಷ್ಟು ಮಂದಿ ಹಳಬರೇ. 1984ರ ಡಿಸೆಂಬರ್‌ನಲ್ಲಿ ಕಾರುಗಳು ಹೊರಬಂದವು. ಮುಂದಿನ ಒಂದೆರಡು ವರ್ಷಗಳಲ್ಲಿ ಗುಣಮಟ್ಟ ಜನರಲ್ ಮೋಟರ್ಸ್‌ನ ಉಳಿದೆಲ್ಲ ಕಾರ್ಖಾನೆಗಳನ್ನು ಮೀರಿಸಿತು, ಗೈರುಹಾಜರಿ ಶೇ 3ರ ಆಸುಪಾಸಿಗೆ ಇಳಿಯಿತು. ಮನುಷ್ಯರು ಅವರೇ. ಕೆಲಸಗಾರರು ಸೋಮಾರಿಗಳು, ಅವರಿಂದ ಏನೂ ಆಗದು ಎಂದು ಹಿಂದೆ ಕೊಡುತ್ತಿದ್ದ ವಿವರಣೆ ಇದರೊಂದಿಗೆ ಬಿದ್ದುಹೋಯಿತು.

ಬದಲಾದದ್ದು ತಂಡದ ರಚನೆ. ಐದಾರು ಜನಕ್ಕೆ ಒಂದು ತಂಡ, ಅದಕ್ಕೊಬ್ಬ ಟೀಮ್ ಲೀಡರ್. ನಾಲ್ಕೈದು ತಂಡ ಸೇರಿ ಒಂದು ಗುಂಪು, ಅದಕ್ಕೊಬ್ಬ ಗ್ರೂಪ್ ಲೀಡರ್. ಟೀಮ್ ಲೀಡರ್ ಆಡಳಿತದವನಲ್ಲ, ಸಂಘದ ಸದಸ್ಯನಾದ ಕಾರ್ಮಿಕನೇ. ಸ್ವಲ್ಪ ಹೆಚ್ಚಿನ ಕೂಲಿ ಮಾತ್ರ. ತಂಡದ ಎಲ್ಲ ಕೆಲಸಗಳೂ ಅವನಿಗೆ ಬರಬೇಕು, ಯಾರಾದರೂ ರಜೆ ಹಾಕಿದರೆ ಆ ಜಾಗದಲ್ಲಿ ನಿಲ್ಲಬೇಕು, ಹೊಸಬರಿಗೆ ಕಲಿಸಬೇಕು, ಹಗ್ಗ ಎಳೆದಾಗ ಓಡಿ ಬರಬೇಕು. ಕಾರ್ಖಾನೆ ತೆರೆಯುವ ಮೊದಲೇ ಈ ಮುಂದಾಳುಗಳನ್ನು ತಂಡತಂಡವಾಗಿ ಜಪಾನಿನ ತಕಾವೊಕಾ ಘಟಕಕ್ಕೆ ಕಳಿಸಲಾಯಿತು. ಅಲ್ಲಿ ಕೆಲವು ವಾರ ಅವರು ಜಪಾನಿ ಕಾರ್ಮಿಕರ ಪಕ್ಕದಲ್ಲಿ ನಿಂತು ದುಡಿದರು, ತಾವೇ ಹಗ್ಗ ಎಳೆದು ನೋಡಿದರು. ಕೈ ತಡವಾದಾಗ ಬೈಯದೆ ಪಕ್ಕಕ್ಕೆ ಬಂದು ನಿಂತು ಸರಿಪಡಿಸಿಕೊಡುವ ಮುಂದಾಳನ್ನು ಅವರು ಕಂಡದ್ದು ಅಲ್ಲಿಯೇ. ಆ ತರಬೇತಿಯಲ್ಲಿ ತೊಡಗಿದ್ದ ಜಾನ್ ಶೂಕ್ 2010ರಲ್ಲಿ ಬರೆದ ಲೇಖನದಲ್ಲಿ ಹೇಳುವ ವಿಚಾರ ಇಲ್ಲಿ ಸಲ್ಲುತ್ತದೆ. ಅವರ ಅನುಭವದಲ್ಲಿ, ಜನರ ಮನೋಭಾವವನ್ನು ಬದಲಿಸಿ ನಡವಳಿಕೆ ಬದಲಿಸುವುದಕ್ಕಿಂತ, ನಡವಳಿಕೆಯನ್ನು ಮೊದಲು ಬದಲಿಸಿದರೆ ಮನೋಭಾವ ಹಿಂದೆಯೇ ಬರುತ್ತದೆ.

ನಮ್ಮಿಯ ಇನ್ನೊಂದು ನಿರ್ಧಾರವನ್ನು ಬಿಟ್ಟರೆ ಚಿತ್ರ ಅರ್ಧವಾಗುತ್ತದೆ. 1987–88ರಲ್ಲಿ ಅಲ್ಲಿನ ಕಾರಿಗೆ ಬೇಡಿಕೆ ಕುಸಿದು, ಕಾರ್ಖಾನೆ ತನ್ನ ಸಾಮರ್ಥ್ಯದ ಶೇ 60ಕ್ಕಿಂತ ಕಡಿಮೆ ಮಟ್ಟದಲ್ಲಿ ಓಡಿತು. ಒಬ್ಬರನ್ನೂ ಕೆಲಸದಿಂದ ತೆಗೆಯಲಿಲ್ಲ; ಬಿಡುವಾದವರನ್ನು ತರಬೇತಿಗೂ ಸುಧಾರಣೆಯ ಕೆಲಸಕ್ಕೂ ಹಚ್ಚಿದರು. ಕೆಲಸ ಸುಲಭವಾಗುವ ದಾರಿಯನ್ನು ಹೇಳಿದರೆ ತನ್ನ ಕೆಲಸವೇ ಹೋಗುವುದಿಲ್ಲ ಎಂಬ ಭರವಸೆ ಆಗ ಕಾಗದದಿಂದ ಇಳಿದು ನಿಜವಾಯಿತು. ಟೀಮ್ ಲೀಡರ್ ಎಷ್ಟೇ ಒಳ್ಳೆಯವನಾದರೂ ಅವನ ಬೆನ್ನಿಗೆ ಸಂಸ್ಥೆಯ ಮಾತು ನಿಲ್ಲದಿದ್ದರೆ ಅವನು ಕೊಡುವ ಧೈರ್ಯ ಅಲ್ಪಾಯು. ಜನರಲ್ ಮೋಟರ್ಸ್ ಇದೇ ಪದ್ಧತಿಯನ್ನು ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಘಟಕಕ್ಕೆ ಒಯ್ಯಲು ನೋಡಿತು. ತಂಡಗಳಾದವು, ಹಗ್ಗವೂ ಬಂತು. ಆದರೆ ಲೈನ್ ನಿಲ್ಲಬಾರದು ಎಂಬ ಹಳೆಯ ಲೆಕ್ಕಕ್ಕೇ ಮೇಲ್ವಿಚಾರಕರು ಉತ್ತರ ಕೊಡಬೇಕಿತ್ತು. ಹಗ್ಗ ಎಳೆಯುವುದನ್ನು ಅವರು ಸಹಿಸಲಿಲ್ಲ. ಆ ಘಟಕ 1992ರಲ್ಲಿ ಮುಚ್ಚಿತು.

ತೊಡಕನ್ನು ಹೇಳಿಕೊಳ್ಳುವ ಧೈರ್ಯಕ್ಕೂ ಮುಂದಾಳಿಗೂ ಇರುವ ನಂಟು ಕಾರ್ಖಾನೆಗಷ್ಟೇ ಸೇರಿದ್ದಲ್ಲ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ನಾಯಕತ್ವವಿರುವ ವಾರ್ಡಿನಲ್ಲಿ ತಪ್ಪು ಕಡಿಮೆಯಿರುತ್ತದೆಂಬುದು ನಿರೀಕ್ಷೆ. ಅಂಕಿಗಳು ತಿರುವುಮುರುವಾಗಿ ಬಂದವು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಕಾರಣ ಹುಡುಕಿದಾಗ, ಅಲ್ಲಿನ ನರ್ಸ್‌ಗಳು ಆದ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಹೊರಬಿತ್ತು. 1999ರಲ್ಲಿ ಅವರು ಉತ್ಪಾದನಾ ಕಂಪನಿಯೊಂದರ 51 ತಂಡಗಳ ಅಧ್ಯಯನ ಪ್ರಕಟಿಸಿದರು. ಮಾತಾಡಿದರೆ ಅವಮಾನವಾಗದು ಎಂಬ ನಂಬಿಕೆಯಿದ್ದ ತಂಡಗಳು ಹೆಚ್ಚು ಕಲಿಯುತ್ತಿದ್ದವು, ಆ ನಂಬಿಕೆಗೆ ತಂಡದ ಮುಂದಾಳಿನ ನಡವಳಿಕೆ ಒಂದು ಮುಖ್ಯ ಆಧಾರವಾಗಿತ್ತು. ತಪ್ಪಿನ ವರದಿಗಳು ಕಡಿಮೆಯಾದವೆಂದು ಬೀಗುವ ಅಧಿಕಾರಿಗಳು ಓದಬೇಕಾದ ಅಧ್ಯಯನಗಳಿವು.

ವಿಮಾನಯಾನ ಇದೇ ಪಾಠವನ್ನು ಜೀವಗಳ ಬೆಲೆ ತೆತ್ತು ಕಲಿಯಿತು. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಎದುರಿನ ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇನೋ ಎಂಬ ಸಂಶಯ ಫ್ಲೈಟ್ ಎಂಜಿನಿಯರ್‌ಗೆ ಬಂದಿತ್ತು, ಕೇಳಿಯೂ ಇದ್ದರು. ಹಿರಿಯ ಕ್ಯಾಪ್ಟನ್ ಖಚಿತ ದನಿಯಲ್ಲಿ ಉತ್ತರಿಸಿದ ಮೇಲೆ ಪ್ರಶ್ನೆ ಅಲ್ಲಿಗೇ ನಿಂತಿತು. 1978ರ ಡಿಸೆಂಬರ್‌ನಲ್ಲಿ ಪೋರ್ಟ್‌ಲೆಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ ವಿಮಾನ ಇಂಧನ ಬರಿದಾಗಿ ಬಿತ್ತು. ಕ್ಯಾಪ್ಟನ್ ಚಕ್ರದ ತೊಂದರೆಯಲ್ಲೇ ಮುಳುಗಿದ್ದರು, ಇಂಧನದ ಬಗ್ಗೆ ಸಹೋದ್ಯೋಗಿಗಳು ಕೊಟ್ಟ ಸೂಚನೆ ಮೆತ್ತಗಿತ್ತು. ತನಿಖೆಯ ನಂತರ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಇಬ್ಬದಿಯ ತರಬೇತಿಗೆ ಶಿಫಾರಸು ಮಾಡಿತು. ಕ್ಯಾಪ್ಟನ್‌ಗಳು ಕೇಳಿಸಿಕೊಳ್ಳುವುದನ್ನು ಕಲಿಯಬೇಕು, ಉಳಿದವರು ಗಟ್ಟಿಯಾಗಿ ಹೇಳುವುದನ್ನು ಕಲಿಯಬೇಕು. 1981ರಲ್ಲಿ ಯುನೈಟೆಡ್ ಇದನ್ನು ತನ್ನ ಪೈಲಟ್‌ಗಳ ತರಬೇತಿಗೆ ಸೇರಿಸಿತು.

ಅದೇ ಕಂಪನಿಯ ಡಿಸಿ–10 ವಿಮಾನದ ಹಿಂಬದಿಯ ಎಂಜಿನ್ 1989ರ ಜುಲೈ 19ರಂದು ಆಕಾಶದಲ್ಲಿ ಸಿಡಿಯಿತು. ನಿಯಂತ್ರಣಕ್ಕೆ ಬೇಕಾದ ಎಲ್ಲ ಹೈಡ್ರಾಲಿಕ್ ವ್ಯವಸ್ಥೆಗಳೂ ಕೈಕೊಟ್ಟವು. ಕ್ಯಾಪ್ಟನ್ ಅಲ್ ಹೇನ್ಸ್ ಇಡೀ ತಂಡವನ್ನೂ, ಪ್ರಯಾಣಿಕರ ನಡುವೆ ಇದ್ದ ತರಬೇತಿ ಪೈಲಟ್ ಒಬ್ಬರನ್ನೂ ಕೆಲಸಕ್ಕೆ ಹಚ್ಚಿ, ಉಳಿದೆರಡು ಎಂಜಿನ್‌ಗಳ ವೇಗವನ್ನು ಏರಿಳಿಸುವುದರಿಂದಲೇ ವಿಮಾನವನ್ನು ಸೂ ಸಿಟಿಯ ರನ್‌ವೇಗೆ ತಂದರು. 296 ಮಂದಿಯಲ್ಲಿ 184 ಮಂದಿ ಬದುಕಿದರು. ಕ್ಯಾಪ್ಟನ್ ಒಬ್ಬನಿಗೇ ಎಲ್ಲ ಗೊತ್ತು ಎಂಬ ಹಳೆಯ ರೂಢಿ ಉಳಿದಿದ್ದರೆ ಇದು ಸಾಧ್ಯವಿರಲಿಲ್ಲ ಎಂದು ಹೇನ್ಸ್ ಆಮೇಲೆ ಊರೂರಿಗೆ ಹೋಗಿ ಹೇಳಿದರು. ನಾಯಕನ ತರಬೇತಿಯಿಂದ ತಂಡಕ್ಕೆ ಬರುವ ಧೈರ್ಯವನ್ನು ಇದಕ್ಕಿಂತ ನೇರವಾಗಿ ತೋರಿಸುವ ಘಟನೆ ಸಿಗುವುದು ಕಷ್ಟ.

ಸೋತ ಮೇಲೆ ತಂಡ ಮತ್ತೆ ಎದ್ದು ನಿಲ್ಲುವುದು ಬೇರೆಯೇ ಒಂದು ಪ್ರಶ್ನೆ. ಇದಕ್ಕೆ ಬೆಂಗಳೂರಿನಲ್ಲೇ ಒಳ್ಳೆಯ ಉದಾಹರಣೆಯಿದೆ. ಇಸ್ರೊ ಅಧ್ಯಕ್ಷರಾಗಿಯೂ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಏಕಕಾಲಕ್ಕೆ ದುಡಿದ ಸತೀಶ್ ಧವನ್ ಅವರ ಕಾಲದಲ್ಲಿ, 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ–3 ರಾಕೆಟ್ ಬಂಗಾಳಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕ ಎ.ಪಿ.ಜೆ. ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಕುಳಿತು ಸೋಲನ್ನು ತಮ್ಮ ಮೇಲೆ ಹೊತ್ತವರು ಧವನ್. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಕರ್ತರ ಬಳಿಗೆ ಹೋಗಲು ಅವರು ಕಲಾಂ ಅವರಿಗೇ ಹೇಳಿದರು. ಕಲಾಂ ಜೀವನವಿಡೀ ಹೇಳಿಕೊಂಡು ಬಂದ ಈ ಪ್ರಸಂಗ ನಾಡಿನಲ್ಲಿ ಮನೆಮಾತಾಗಿದೆ. ಹೇಳುವಾಗ ಹೆಚ್ಚಾಗಿ ಧವನ್ ಅವರ ದೊಡ್ಡತನವಷ್ಟೇ ಉಳಿಯುತ್ತದೆ, ಅದರ ಹಿಂದಿನ ವ್ಯವಸ್ಥೆ ಮರೆಯಾಗುತ್ತದೆ. ಬೀಳುವಿಕೆಯ ಕಾರಣವನ್ನು ಸಮಿತಿಗಳು ಬಿಡಿಬಿಡಿಯಾಗಿ ಪರಿಶೀಲಿಸಿ, ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಸೋರಿಕೆಯನ್ನು ಗುರುತಿಸಿದವು. ಯಾರು ಎಂಬುದಕ್ಕಿಂತ ಏನು ಎಂಬ ಪ್ರಶ್ನೆ ಮುಂದೆ ನಿಂತಿತು. ಅದೇ ನಿರ್ದೇಶಕ, ಅದೇ ತಂಡ ಮುಂದಿನ ಹಾರಾಟಕ್ಕೂ ಉಳಿದರು. ಈ ರೂಢಿ ಧವನ್ ಅವರ ನಂತರವೂ ಸಾಗಿತು. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅಧ್ಯಕ್ಷರಾಗಿದ್ದಾಗ ಎಎಸ್‌ಎಲ್‌ವಿ 1987ರಲ್ಲೂ 1988ರಲ್ಲೂ ವಿಫಲವಾಯಿತು, ಪಿಎಸ್‌ಎಲ್‌ವಿಯ ಮೊದಲ ಹಾರಾಟ 1993ರಲ್ಲಿ ಸೋತಿತು. 1994ರ ಅಕ್ಟೋಬರ್‌ನಲ್ಲಿ ಹಾರಿದ ಪಿಎಸ್‌ಎಲ್‌ವಿ ಕಕ್ಷೆ ಮುಟ್ಟಿ, ಮುಂದೆ ಇಸ್ರೊದ ನೆಚ್ಚಿನ ವಾಹನವಾಯಿತು.

ಇಸ್ರೊದಲ್ಲಿ ಮುಂದಾಳುಗಳು ತಯಾರಾದದ್ದು ತರಗತಿಯಲ್ಲಿ ಅಲ್ಲ, ಜವಾಬ್ದಾರಿಯ ಏಣಿಯ ಮೇಲೆ. ರಾವ್ ಅವರ ಮುಂದಾಳತ್ವದಲ್ಲಿ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಉಪಗ್ರಹವನ್ನೇ ನೋಡಿರದ ಯುವ ಎಂಜಿನಿಯರ್‌ಗಳು ಆರ್ಯಭಟವನ್ನು ಕಟ್ಟಿದರು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಮುಂದಿನ ಭಾಸ್ಕರ ಉಪಗ್ರಹಗಳ ಯೋಜನಾ ನಿರ್ದೇಶಕರಾದ ಕೆ. ಕಸ್ತೂರಿರಂಗನ್ 1994ರಲ್ಲಿ ಇಸ್ರೊ ಅಧ್ಯಕ್ಷರಾದರು. ಭಾಸ್ಕರದ ಕ್ಯಾಮೆರಾಗಳ ಮೇಲೆ ದುಡಿದಿದ್ದ ಹಾಸನ ಜಿಲ್ಲೆಯ ಎ.ಎಸ್. ಕಿರಣ್ ಕುಮಾರ್ 2015ರಲ್ಲಿ ಅದೇ ಸ್ಥಾನಕ್ಕೆ ಬಂದರು. ಉಪವ್ಯವಸ್ಥೆ, ಯೋಜನೆ, ಕೇಂದ್ರ, ಇಡೀ ಸಂಸ್ಥೆ: ಒಂದೊಂದು ಮೆಟ್ಟಿಲಲ್ಲೂ ಸೋಲು ಗೆಲುವು ಎರಡನ್ನೂ ಕಂಡವರು ಮೇಲಕ್ಕೆ ಬಂದಾಗ ಕೆಳಗಿನವರಿಗೆ ಒಂದು ವಿಷಯ ಖಚಿತವಿರುತ್ತದೆ. ಮೇಲಿರುವವರು ತಮ್ಮ ಕೆಲಸ ಬಲ್ಲವರು, ಸೋಲು ಹೇಗಿರುತ್ತದೆಂದು ಅರಿತವರು.

ಕರ್ನಾಟಕದ ಕಾರ್ಖಾನೆ ಕಾರ್ಮಿಕರಲ್ಲಿ ದೊಡ್ಡ ಪಾಲು ರಾಕೆಟ್‌ಗಳಿಂದ ದೂರ, ಬೆಂಗಳೂರು, ರಾಮನಗರ, ಮಂಡ್ಯಗಳ ಗಾರ್ಮೆಂಟ್ಸ್ ಲೈನುಗಳಂಥ ಜಾಗಗಳಲ್ಲಿದೆ. ಬಹುಪಾಲು ಹೆಂಗಸರು, ಗಂಟೆಗಿಷ್ಟು ಪೀಸ್ ಎಂಬ ಗುರಿ, ಗುರಿ ತಪ್ಪಿದರೆ ಸೂಪರ್‌ವೈಸರ್‌ನ ಬೈಗುಳ. ಭಾರತದ ಒಂದು ಸಿದ್ಧ ಉಡುಪು ಸಂಸ್ಥೆಯಲ್ಲಿ ಲೈನ್ ಸೂಪರ್‌ವೈಸರ್‌ಗಳಿಗೆ ಸಂವಹನ, ಸಂಯಮ, ತಂಡ ನಡೆಸುವ ಕೌಶಲಗಳ ತರಬೇತಿ ಕೊಟ್ಟು ನೋಡಿದ ಪ್ರಯೋಗವನ್ನು ಅಚ್ಯುತ ಅಧ್ವರ್ಯು, ಅನಂತ್ ನ್ಯಾಷಧಮ್ ಮತ್ತು ಸಂಗಡಿಗರು ವರದಿ ಮಾಡಿದ್ದಾರೆ. ಯಾರಿಗೆ ತರಬೇತಿ ಕೊಟ್ಟರೆ ಹೆಚ್ಚು ಉಪಯೋಗ ಎಂದು ಸೂಪರ್‌ವೈಸರ್‌ಗಳ ಮೇಲಿನ ಮ್ಯಾನೇಜರ್‌ಗಳನ್ನೇ ಕೇಳಿ, ಆ ಶಿಫಾರಸಿನ ಪಟ್ಟಿಯೊಳಗೆ ಚೀಟಿ ಎತ್ತಿದಂತೆ ಆಯ್ಕೆ ನಡೆಸಲಾಯಿತು. ಬಲವಾದ ಶಿಫಾರಸು ಪಡೆದವರ ಲೈನುಗಳಲ್ಲಿ ಉತ್ಪಾದಕತೆ ಹೆಚ್ಚಲಿಲ್ಲ. ಪಟ್ಟಿಯ ಕೆಳಗಿದ್ದವರ ಲೈನುಗಳಲ್ಲಿ ಶೇ 12ರಷ್ಟು ಏರಿತು. ಕೆಲಸ ಬಿಟ್ಟುಹೋಗಬಹುದಾದ ಸೂಪರ್‌ವೈಸರ್‌ಗಳನ್ನು ಉಳಿಸಿಕೊಳ್ಳುವ ಲೆಕ್ಕದಲ್ಲಿ ಮ್ಯಾನೇಜರ್‌ಗಳು ಶಿಫಾರಸು ಮಾಡಿದ್ದರು. ತರಬೇತಿ ಪಡೆದವರು ಕೆಲಸ ಬಿಡುವುದೂ ಕಡಿಮೆಯಾಯಿತು. ತರಬೇತಿ ಯಾರಿಗೆ ಎಂಬ ಪ್ರಶ್ನೆಯನ್ನು ಮೇಲಿನವರ ಮೆಚ್ಚುಗೆಗೆ ಮಾತ್ರ ಬಿಡಬಾರದು ಎಂಬುದಕ್ಕೆ ಇದು ಒಳ್ಳೆಯ ಪುರಾವೆ.

ಟೊಯೊಟಾ ಪದ್ಧತಿಯ ಮಿತಿಯನ್ನೂ ಕರ್ನಾಟಕದಲ್ಲಿಯೇ ನೋಡಬಹುದು. ಟೊಯೊಟಾ 1997ರಲ್ಲಿ ಕಿರ್ಲೋಸ್ಕರ್ ಜೊತೆಗೂಡಿ ಬಿಡದಿಗೆ ಬಂತು. ಹತ್ತನೆಯ ತರಗತಿ ಮುಗಿಸಿದ ಬಡ ಗ್ರಾಮೀಣ ಮಕ್ಕಳಿಗೆ ಮೂರು ವರ್ಷ ವಸತಿ ಸಹಿತ ತರಬೇತಿ ಕೊಡುವ ಸಂಸ್ಥೆಯನ್ನು 2007ರಲ್ಲಿ ಅಲ್ಲಿ ತೆರೆಯಿತು. ತಂಡ, ಹಗ್ಗ, ಮುಂದಾಳು ಎಲ್ಲ ಬಲ್ಲ ಆ ಕಂಪನಿಯಲ್ಲಿಯೂ 2014ರಲ್ಲಿ ಮತ್ತು 2020ರಲ್ಲಿ ವಿವಾದ ಲಾಕೌಟ್‌ವರೆಗೆ ಹೋಯಿತು. ಕೂಲಿ, ಕೆಲಸದ ಹೊರೆ, ಶಿಸ್ತುಕ್ರಮಗಳಂಥ ಪ್ರಶ್ನೆಗಳನ್ನು ಟೀಮ್ ಲೀಡರ್ ತನ್ನ ಮಟ್ಟದಲ್ಲಿ ಬಗೆಹರಿಸಲಾರ. ಅವನ ಕೈಯಲ್ಲಿರುವುದು ಕೆಲಸದ ನಡುವಿನ ನಂಬಿಕೆ. ಕೆಲಸದ ಷರತ್ತುಗಳ ಮೇಲಿನ ನಂಬಿಕೆಯನ್ನು ಆಡಳಿತ ಮತ್ತು ಸಂಘ ಎದುರುಬದುರು ಕುಳಿತೇ ಕಟ್ಟಬೇಕು. ಇವೆರಡನ್ನು ಒಂದೇ ಎಂದು ಬಗೆದು, ತರಬೇತಿಯನ್ನು ನ್ಯಾಯವಾದ ಒಪ್ಪಂದಕ್ಕೆ ಬದಲಿಯಾಗಿ ಬಳಸಿದರೆ ಎರಡೂ ಕೆಡುತ್ತವೆ.

ಉಳಿದಿರುವುದು ಮುಂದುವರಿಕೆಯ ವಿಷಯ. ಒಬ್ಬ ಒಳ್ಳೆಯ ಮುಂದಾಳಿನ ಮೇಲೆಯೇ ತಂಡದ ಧೈರ್ಯ ನಿಂತಿದ್ದರೆ ಅವನ ವರ್ಗಾವಣೆಯ ದಿನ ಅದೂ ವರ್ಗವಾಗುತ್ತದೆ. ಅಮೆರಿಕದ ಯುದ್ಧಕಾಲದ ಪಾಠದಲ್ಲಿ ಇದಕ್ಕೊಂದು ಸಾದಾ ಉಪಕರಣವಿತ್ತು. ಒಂದು ಹಾಳೆ, ಅದರ ಒಂದು ಬದಿಯಲ್ಲಿ ವಿಭಾಗದ ಕೆಲಸಗಳು, ಇನ್ನೊಂದು ಬದಿಯಲ್ಲಿ ಕೆಲಸಗಾರರ ಹೆಸರುಗಳು; ಬರುವ ಕೆಲಸಕ್ಕೆ ಗುರುತು, ಕಲಿಯಬೇಕಾದ ಕೆಲಸಕ್ಕೆ ದಿನಾಂಕ. ಇಂದಿಗೂ ಅನೇಕ ಕಾರ್ಖಾನೆಗಳಲ್ಲಿ ಲೈನಿನ ಪಕ್ಕ ಇಂಥ ಕೌಶಲ ಪಟ್ಟಿ ತೂಗುತ್ತಿರುತ್ತದೆ. ಅದೇ ಹಾಳೆಗೆ ಮುಂದಾಳಿನ ಕೆಲಸಗಳನ್ನೂ ಸೇರಿಸಬಹುದು. ಬೆಳಗಿನ ಐದು ನಿಮಿಷದ ಸಭೆ ನಡೆಸುವುದು, ಹೊಸಬರಿಗೆ ಒಂದು ಕೆಲಸವನ್ನು ನಾಲ್ಕು ಹಂತದಲ್ಲಿ ಕಲಿಸುವುದು, ಕರೆ ಬಂದಾಗ ಹೋಗಿ ನೋಡುವುದು, ಪಾಳಿ ಬದಲಾಗುವಾಗ ಮುಂದಿನವರಿಗೆ ಒಪ್ಪಿಸುವುದು, ತಕರಾರೊಂದರ ಸಂಗತಿಗಳನ್ನು ಕೂಡಿಸುವುದು. ಪ್ರತಿ ಅಂಕಣಕ್ಕೂ ಕನಿಷ್ಠ ಇಬ್ಬರ ಹೆಸರು ಬೀಳುವ ತನಕ ಟೀಮ್ ಲೀಡರ್ ಅವರನ್ನು ಪಕ್ಕದಲ್ಲಿಟ್ಟುಕೊಂಡು ಮಾಡಿಸಬೇಕು, ಆಮೇಲೆ ಅವರಿಗೇ ಬಿಟ್ಟು ಆಗಾಗ ಬಂದು ನೋಡಬೇಕು. ಅವನ ವಾರ್ಷಿಕ ಮೌಲ್ಯಮಾಪನದಲ್ಲಿ ಪೀಸುಗಳ ಲೆಕ್ಕದ ಜೊತೆಗೆ ಆ ಹಾಳೆಯ ಗುರುತುಗಳ ಲೆಕ್ಕವೂ ಸೇರಬೇಕು, ಮತ್ತು ಅದನ್ನು ನೋಡಲು ಅವನ ಮೇಲಿನ ಅಧಿಕಾರಿ ತಿಂಗಳಿಗೊಮ್ಮೆಯಾದರೂ ಲೈನಿನ ಬಳಿಗೇ ಬರಬೇಕು.